ಅಧಿಕಾರ ಯಾರದು, ನ್ಯಾಯ ಯಾವುದು? ಅಮೆರಿಕದ ರಾಜ್ಯಗಳ ವಲಸೆ ಕಾನೂನುಗಳು ಮತ್ತು ನಮ್ಮ ವಾದದ ಕೊರತೆ

2012ರ ಜೂನ್ 25ರಂದು ಅಮೆರಿಕದ ಸುಪ್ರೀಂ ಕೋರ್ಟು ಅರಿಜೋನಾ ರಾಜ್ಯದ ವಲಸೆ ಕಾನೂನಿನ ನಾಲ್ಕು ವಿವಾದಿತ ವಿಧಿಗಳಲ್ಲಿ ಮೂರನ್ನು ಅಸಿಂಧುಗೊಳಿಸಿ ಒಂದನ್ನು ಉಳಿಸಿತು. ಆ ಕಾನೂನನ್ನು ಅಲ್ಲಿನ ಕಥೋಲಿಕ ಧರ್ಮಾಧ್ಯಕ್ಷರು ಆರಂಭದಿಂದಲೂ ವಿರೋಧಿಸಿದ್ದರು; ಅವರ ಮಂಡಳಿಯು ನ್ಯಾಯಾಲಯದ ಮುಂದೆ ತನ್ನ ವಾದಪತ್ರವನ್ನೂ ಸಲ್ಲಿಸಿತ್ತು. ಆದಕಾರಣ ಈ ತೀರ್ಪನ್ನು ಧರ್ಮಸಭೆಯ ಸಾಮಾಜಿಕ ಬೋಧನೆಗೆ ಸಂದ ಜಯವೆಂದು ತಿಳಿಯುವುದು ಸುಲಭವಾಗಿತ್ತು. ನೈತಿಕ ದೈವಶಾಸ್ತ್ರದ ತರಗತಿಯಲ್ಲಿ ನಾವೂ ಕೆಲವು ವರ್ಷ ಹಾಗೆಯೇ ಬೋಧಿಸಿದೆವು. ಕಾನೂನಿನ ಪಠ್ಯವನ್ನೂ ತೀರ್ಪನ್ನೂ ಧರ್ಮಾಧ್ಯಕ್ಷರ ಪತ್ರಗಳನ್ನೂ ಒಟ್ಟಿಗಿಟ್ಟು ಮತ್ತೆ ಓದಿದಾಗ ಆ ಬೋಧನೆ ದುಡುಕಿನದೆಂದು ಒಪ್ಪಿಕೊಳ್ಳಬೇಕಾಯಿತು. ಅದನ್ನು ತಿದ್ದಿಕೊಳ್ಳುವುದೇ ಈ ಬರಹದ ಉದ್ದೇಶ.

ದೂರದೇಶದ ಮೊಕದ್ದಮೆ ನಮ್ಮ ಗುರುಮಠಕ್ಕೇಕೆ ಎಂದು ಕೇಳುವವರಿಗೆ ಒಂದು ಮಾತು. ನಮ್ಮ ಧರ್ಮಕ್ಷೇತ್ರಗಳಿಗೂ ಧಾರ್ಮಿಕ ಸಭೆಗಳಿಗೂ ಸೇರಿದ ಹಲವು ಗುರುಗಳು ಇಂದು ಅಮೆರಿಕದ ಧರ್ಮಕೇಂದ್ರಗಳಲ್ಲಿ ಸೇವೆಯಲ್ಲಿದ್ದಾರೆ. ಅವರು ಬಲಿಪೂಜೆ ಅರ್ಪಿಸುವ ದೇವಾಲಯಗಳಲ್ಲಿ ಕಾಗದಪತ್ರ ಉಳ್ಳವರೂ ಇಲ್ಲದವರೂ ಒಂದೇ ಸಾಲಿನಲ್ಲಿ ಪರಮಪ್ರಸಾದಕ್ಕೆ ಬಂದು ನಿಲ್ಲುತ್ತಾರೆ. ಅಂಥವನೊಬ್ಬನನ್ನು ತನ್ನ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುವುದು ಅಪರಾಧವೆಂದು ರಾಜ್ಯದ ಶಾಸನಸಭೆ ಹೇಳಿದರೆ ಗುರುವಾದವನು ಏನು ಮಾಡಬೇಕು? ಇದಕ್ಕೆ ನಾವು ಕೊಟ್ಟುಕಳುಹಿಸಿದ ಉತ್ತರ ಗಟ್ಟಿಯಾದುದೇ ಎಂಬುದು ಇಲ್ಲಿನ ಪ್ರಶ್ನೆ.

ಕಾನೂನು ಮತ್ತು ತೀರ್ಪು

ಅರಿಜೋನಾದ ಕಾನೂನಿಗೆ ಅಲ್ಲಿನ ಗವರ್ನರ್ ಜಾನ್ ಬ್ರೂವರ್ ಸಹಿ ಹಾಕಿದ್ದು 2010ರ ಏಪ್ರಿಲ್ 23ರಂದು. ಒಕ್ಕೂಟ ಸರ್ಕಾರ ಗಡಿಯನ್ನು ಕಾಯುತ್ತಿಲ್ಲ, ಅದರ ಭಾರ ಹೊರುತ್ತಿರುವವರು ನಾವು ಎಂಬುದು ಆ ರಾಜ್ಯದ ದೂರಾಗಿತ್ತು. ಕಾನೂನಿನ ಮೂರನೆಯ ವಿಧಿಯು ನೋಂದಣಿಪತ್ರವನ್ನು ಜೊತೆಯಲ್ಲಿ ಇಟ್ಟುಕೊಳ್ಳದಿರುವುದನ್ನು ರಾಜ್ಯದ ಅಪರಾಧವನ್ನಾಗಿಸಿತು. ಐದನೆಯದು ದಾಖಲೆಯಿಲ್ಲದವರು ಕೆಲಸ ಹುಡುಕುವುದನ್ನೇ ಅಪರಾಧವೆಂದಿತು. ಆರನೆಯದು ಗಡೀಪಾರಿಗೆ ಗುರಿಯಾಗಬಲ್ಲ ಅಪರಾಧ ಎಸಗಿದನೆಂದು ನಂಬಲು ಕಾರಣವಿದ್ದವನನ್ನು ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಎರಡನೆಯ ವಿಧಿಯ ಒಂದು ಭಾಗವು, ಬೇರೆ ಕಾರಣಕ್ಕೆ ತಡೆದ ವ್ಯಕ್ತಿ ಅಕ್ರಮವಾಗಿ ನೆಲೆಸಿರುವನೆಂಬ ಸಕಾರಣ ಸಂಶಯ ಬಂದರೆ ಆತನ ವಲಸೆ ಸ್ಥಿತಿಯನ್ನು ವಿಚಾರಿಸಬೇಕೆಂದು ಪೊಲೀಸರನ್ನು ಬದ್ಧಗೊಳಿಸಿತು.

ನ್ಯಾಯಮೂರ್ತಿ ಆಂಥನಿ ಕೆನಡಿ ಬರೆದ ಬಹುಮತದ ತೀರ್ಪು ಮೊದಲ ಮೂರನ್ನು ತಳ್ಳಿಹಾಕಿತು. ವಿಚಾರಿಸುವ ವಿಧಿಯನ್ನು, ಮುಂದೆ ಅದನ್ನು ಪ್ರಶ್ನಿಸುವ ದಾರಿ ತೆರೆದಿಟ್ಟು, ಉಳಿಸಿತು. ತಳ್ಳಿಹಾಕಲು ಕೊಟ್ಟ ಕಾರಣವನ್ನು ಇಲ್ಲಿ ಗಮನಿಸಬೇಕು. ವಲಸೆಯ ನಿಯಂತ್ರಣ ಒಕ್ಕೂಟ ಸರ್ಕಾರದ ಕ್ಷೇತ್ರ. ಆ ಕ್ಷೇತ್ರದಲ್ಲಿ ಕೇಂದ್ರದ ಕಾನೂನು ಇರುವಾಗ ರಾಜ್ಯವು ತನ್ನದೇ ಅಪರಾಧಗಳನ್ನು ಸೃಷ್ಟಿಸುವಂತಿಲ್ಲ. ಈ ನಿಯಮಗಳು ಬಡವನಿಗೆ ಕ್ರೂರವಾಗಿವೆ ಎಂಬುದಾಗಲಿ, ಕುಟುಂಬವನ್ನು ಒಡೆಯುತ್ತವೆ ಎಂಬುದಾಗಲಿ ತೀರ್ಪಿಗೆ ಆಧಾರವಾಗಲಿಲ್ಲ. ಆಗ ಆ ಪೀಠದಲ್ಲಿದ್ದ ಕಥೋಲಿಕ ನ್ಯಾಯಮೂರ್ತಿಗಳಲ್ಲಿ ಕೆನಡಿ, ರಾಬರ್ಟ್ಸ್, ಸೊಟೊಮಯೋರ್ ಬಹುಮತದ ಕಡೆಗಿದ್ದರು. ಸ್ಕಾಲಿಯಾ, ಥಾಮಸ್, ಅಲಿಟೊ ಭಾಗಶಃ ಭಿನ್ನಮತ ಬರೆದರು. ಒಂದೇ ಸಭೆಯ ಸದಸ್ಯರು ಹೀಗೆ ಇಬ್ಭಾಗವಾದದ್ದು ಆಶ್ಚರ್ಯವಲ್ಲ. ಅವರ ಮುಂದಿದ್ದದ್ದು ಸಂವಿಧಾನದಲ್ಲಿ ಅಧಿಕಾರ ಹೇಗೆ ಹಂಚಿಹೋಗಿದೆ ಎಂಬ ಪ್ರಶ್ನೆ. ಅದಕ್ಕೆ ಧರ್ಮೋಪದೇಶದಲ್ಲಿ ಉತ್ತರವಿಲ್ಲ.

ಸಂತ ಥಾಮಸರ ಮೂರು ಪರೀಕ್ಷೆಗಳು

ಸಂತ ಥಾಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರ ಸಂಗ್ರಹದ ಎರಡನೆಯ ಭಾಗದ ಮೊದಲ ಖಂಡದಲ್ಲಿ, 96ನೆಯ ಪ್ರಶ್ನೆಯ ನಾಲ್ಕನೆಯ ಲೇಖದಲ್ಲಿ, ಮಾನವ ಕಾನೂನು ಮನಸ್ಸಾಕ್ಷಿಯನ್ನು ಕಟ್ಟುವುದೇ ಎಂದು ವಿಚಾರಿಸುತ್ತಾರೆ. ಕಾನೂನು ನ್ಯಾಯವಾಗಿರಬೇಕಾದರೆ ಮೂರು ಕಡೆಯಿಂದ ನ್ಯಾಯವಾಗಿರಬೇಕು. ಅದರ ಗುರಿ ಸರ್ವಹಿತವಾಗಿರಬೇಕು. ಅದನ್ನು ಮಾಡಿದವನು ತನಗೆ ಒಪ್ಪಿಸಿದ ಅಧಿಕಾರವನ್ನು ಮೀರಿರಬಾರದು. ಅದರ ಭಾರ ಜನರ ಮೇಲೆ ಸಮಪ್ರಮಾಣದಲ್ಲಿ ಬೀಳುವಂತೆ ಅದರ ರೂಪವಿರಬೇಕು. ಗುರಿ, ಕರ್ತೃ, ರೂಪ: ಇವುಗಳಲ್ಲಿ ಯಾವುದೊಂದು ಕೆಟ್ಟರೂ ಕಾನೂನು ಅನ್ಯಾಯದ್ದಾಗುತ್ತದೆ.

ಈ ಅಳತೆಗೋಲನ್ನು ಹಿಡಿದು ನೋಡಿದರೆ ಅಮೆರಿಕದ ಚರ್ಚೆ ಎಲ್ಲಿ ಸಿಕ್ಕಿಕೊಂಡಿತೆಂದು ತಿಳಿಯುತ್ತದೆ. ಇಡೀ ಶಕ್ತಿ ವ್ಯಯವಾದದ್ದು ಎರಡನೆಯ ಪರೀಕ್ಷೆಯ ಮೇಲೆ. ರಾಜ್ಯಕ್ಕೆ ಅಧಿಕಾರವಿದೆಯೆಂದು ಒಂದು ಪಕ್ಷ, ಇಲ್ಲವೆಂದು ಇನ್ನೊಂದು ಪಕ್ಷ. ವಲಸಿಗನ ಪರ ನಿಂತ ನಾವು ಅನುಕೂಲವೆಂಬ ಕಾರಣಕ್ಕೆ ಆ ಎರಡನೆಯ ಪಕ್ಷವನ್ನು ಸೇರಿದೆವು, ಗೆದ್ದೆವು. ಗೆದ್ದ ಮೇಲೆ ಗುರಿ ಮತ್ತು ರೂಪದ ಪರೀಕ್ಷೆಗಳೂ ಮುಗಿದವೆಂದು ಭಾವಿಸಿದೆವು. ನಮ್ಮ ತಪ್ಪು ಇದು.

ಕರ್ತೃವಿನ ವಾದದ ದೌರ್ಬಲ್ಯ

ಈ ವಾದಕ್ಕೆ ದೈವಶಾಸ್ತ್ರದ ಬೆಂಬಲ ಎರಡೂ ಕಡೆ ದೊರೆಯುತ್ತದೆ. ಆದ್ದರಿಂದಲೇ ಅದು ಯಾವ ಕಡೆಗೂ ನಿರ್ಣಾಯಕವಲ್ಲ. ರಾಜ್ಯದ ಕಾನೂನನ್ನು ಸಮರ್ಥಿಸುವವರು ಪೂರಕಾಧಿಕಾರ ತತ್ತ್ವವನ್ನು ಮುಂದಿಡಬಲ್ಲರು. ಚಿಕ್ಕ ಸಮುದಾಯ ಮಾಡಬಲ್ಲದ್ದನ್ನು ದೊಡ್ಡದು ಕಸಿದುಕೊಳ್ಳಬಾರದೆಂದು ಹನ್ನೊಂದನೆಯ ಪಯಸ್ ಜಗದ್ಗುರುಗಳು 1931ರಲ್ಲಿ ಬೋಧಿಸಿದರಲ್ಲವೇ? ಗಡಿಯ ಪಕ್ಕದ ಊರಿಗೆ ಗಡಿಯ ಕಷ್ಟ ವಾಷಿಂಗ್ಟನ್ನಿಗಿಂತ ಚೆನ್ನಾಗಿ ತಿಳಿದಿದೆಯಲ್ಲವೇ? ಈ ಮಾತನ್ನು ತಿರಸ್ಕಾರದಿಂದ ತಳ್ಳಿಹಾಕುವಂತಿಲ್ಲ. ಗಡಿಯ ರೈತನೂ ನಮ್ಮ ನೆರೆಯವನೇ; ಅವನ ಭಯವೂ ನಿಜವಾದ ಭಯ. ಆದರೆ ಆ ತತ್ತ್ವದ ಲತೀನ್ ಹೆಸರಿನ ಮೂಲದಲ್ಲಿರುವುದು ಸಹಾಯ ಎಂಬ ಅರ್ಥ. ದೊಡ್ಡದು ಚಿಕ್ಕದಕ್ಕೆ ನೆರವಾಗಬೇಕು, ಅದನ್ನು ನುಂಗಬಾರದು ಎಂಬುದು ಅದರ ತಾತ್ಪರ್ಯ. ಕುಟುಂಬವು ಎಲ್ಲಕ್ಕಿಂತ ಚಿಕ್ಕ ಸಮುದಾಯ. ಕುಟುಂಬವನ್ನು ಒಡೆಯುವ ಅಧಿಕಾರ ರಾಜ್ಯಕ್ಕೋ ಕೇಂದ್ರಕ್ಕೋ ಎಂದು ಕೇಳಲು ಈ ತತ್ತ್ವವನ್ನು ಬಳಸುವುದು ಅದನ್ನು ತಲೆಕೆಳಗು ಮಾಡಿದಂತೆ.

ರೋಮನರಿಗೆ ಬರೆದ ಪತ್ರದ 13ನೆಯ ಅಧ್ಯಾಯದ ಗತಿಯೂ ಹೀಗೆಯೇ. 2018ರ ಜೂನ್ ತಿಂಗಳಲ್ಲಿ ಆಗಿನ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ಗಡಿಯಲ್ಲಿನ ಕಠಿಣ ಕ್ರಮವನ್ನು ಸಮರ್ಥಿಸಲು ಆ ಅಧ್ಯಾಯವನ್ನು ಉಲ್ಲೇಖಿಸಿದರು. ಆದರೆ ಒಕ್ಕೂಟ ವ್ಯವಸ್ಥೆಯಲ್ಲಿ ಸಂತ ಪೌಲರು ಹೇಳುವ ಮೇಲಧಿಕಾರಿ ಯಾರು? ರಾಷ್ಟ್ರಾಧ್ಯಕ್ಷನೋ, ಗವರ್ನರನೋ, ಕೌಂಟಿಯ ಶೆರಿಫನೋ? ಅರಿಜೋನಾ ಮೊಕದ್ದಮೆಯಲ್ಲಿ ಅಧಿಕಾರಿಯ ಎದುರು ಅಧಿಕಾರಿಯೇ ನಿಂತಿದ್ದ. ಆ ವಚನ ಅವರಲ್ಲಿ ಒಬ್ಬನನ್ನು ಆರಿಸಿಕೊಡುವುದಿಲ್ಲ. ಅಧ್ಯಾಯದ ಗೆರೆಯನ್ನು ಮರೆತು 12ನೆಯ ಅಧ್ಯಾಯದಿಂದಲೇ ಓದಿಕೊಂಡು ಬಂದರೆ ಅಲ್ಲಿ ಅತಿಥಿಸತ್ಕಾರದ ಆಜ್ಞೆ ಮೊದಲು ಸಿಗುತ್ತದೆ. ಅದಕ್ಕೆ ಪೌಲರು ಬಳಸುವ ಗ್ರೀಕ್ ಪದ ಫಿಲೋಕ್ಸೆನಿಯಾ. ಪದಶಃ ಅದು ಅಪರಿಚಿತನ ಮೇಲಣ ಪ್ರೀತಿ. ಅಧಿಕಾರಿಗಳ ಮಾತು ಮುಗಿದ ಕೂಡಲೇ, 13ನೆಯ ಅಧ್ಯಾಯದ 10ನೆಯ ವಚನದಲ್ಲಿ, ನೆರೆಯವನಿಗೆ ಕೇಡು ಮಾಡದ ಪ್ರೀತಿಯೇ ಕಾನೂನಿನ ಪೂರ್ಣತೆಯೆಂಬ ನಿರ್ಣಯ ಬರುತ್ತದೆ. ಅಧಿಕಾರದ ಮಾತು ಈ ಎರಡು ಪ್ರೀತಿಯ ಮಾತುಗಳ ನಡುವೆ ಇದೆ. ಅಲ್ಲಿಂದ ಅದನ್ನು ಕಿತ್ತು ಓದಬಾರದು.

ಕರ್ತೃವಿನ ವಾದ ಎಷ್ಟು ತೆಳುವಾದುದೆಂಬುದಕ್ಕೆ ಅರಿಜೋನಾದಲ್ಲೇ ಹಳೆಯ ನಿದರ್ಶನವಿತ್ತು. 1980ರ ದಶಕದಲ್ಲಿ ಎಲ್ ಸಾಲ್ವಡೋರ್ ಮತ್ತು ಗ್ವಾಟೆಮಾಲದ ಹಿಂಸೆಯಿಂದ ಓಡಿಬಂದವರಿಗೆ ಟೂಸಾನ್ ನಗರದ ದೇವಾಲಯಗಳು ಆಶ್ರಯ ಕೊಟ್ಟವು. ಸರ್ಕಾರ ಮಾಹಿತಿದಾರರನ್ನು ದೇವಾಲಯದ ಸಭೆಗಳೊಳಗೆ ಕಳುಹಿಸಿ ಮಾತುಗಳನ್ನು ಗುಪ್ತವಾಗಿ ಧ್ವನಿಮುದ್ರಿಸಿಕೊಂಡಿತು. 1986ರ ಮೇ ತಿಂಗಳಲ್ಲಿ ಪ್ರೆಸ್ಬಿಟೇರಿಯನ್ ಪಾಲಕ ಜಾನ್ ಫೈಫ್, ಇಬ್ಬರು ಕಥೋಲಿಕ ಗುರುಗಳು, ಒಬ್ಬ ಧರ್ಮಭಗಿನಿ ಸೇರಿ ಎಂಟು ಮಂದಿ ಅಪರಾಧಿಗಳೆಂದು ತೀರ್ಪಾಯಿತು. ಆ ಮೊಕದ್ದಮೆ ಹೂಡಿದ್ದು ರಾಜ್ಯವಲ್ಲ, ಒಕ್ಕೂಟ ಸರ್ಕಾರ. ಅಂದರೆ ವಲಸೆಯ ವಿಷಯದಲ್ಲಿ ಸಂಪೂರ್ಣ ಅಧಿಕಾರವುಳ್ಳ ಕರ್ತೃ. 2012ರಲ್ಲಿ ನಾವು ಯಾರ ಪರಮಾಧಿಕಾರವನ್ನು ಆಶ್ರಯಿಸಿದೆವೋ ಅದೇ 1986ರಲ್ಲಿ ಆಶ್ರಯ ಕೊಟ್ಟವರನ್ನು ಕಟಕಟೆಯಲ್ಲಿ ನಿಲ್ಲಿಸಿತ್ತು.

ಗುರಿ ಮತ್ತು ರೂಪ

ಹಾಗಾದರೆ ಗುರಿಯ ಪರೀಕ್ಷೆ ಏನು ಹೇಳುತ್ತದೆ? ಗಡಿಯನ್ನು ಕ್ರಮಬದ್ಧವಾಗಿ ಇಡುವುದು ಧರ್ಮಸಭೆ ನಿರಾಕರಿಸುವ ಗುರಿಯಲ್ಲ. ಕಥೋಲಿಕ ಧರ್ಮೋಪದೇಶದ 2241ನೆಯ ಪರಿಚ್ಛೇದ ಎರಡು ಕರ್ತವ್ಯಗಳನ್ನು ಒಟ್ಟಿಗೆ ಇಡುತ್ತದೆ. ಸಿರಿವಂತ ದೇಶಗಳು ತಮ್ಮ ಶಕ್ತ್ಯನುಸಾರ ಅನ್ಯದೇಶೀಯನನ್ನು ಬರಮಾಡಿಕೊಳ್ಳಬೇಕು. ಸರ್ವಹಿತಕ್ಕಾಗಿ ಆಡಳಿತ ಅದಕ್ಕೆ ಷರತ್ತುಗಳನ್ನು ವಿಧಿಸಬಹುದು, ವಲಸಿಗನು ಕಾನೂನಿಗೆ ವಿಧೇಯನಾಗಿರಬೇಕು. ಚರ್ಚೆಯ ಒಂದು ಪಕ್ಷ ಮೊದಲರ್ಧವನ್ನು, ಇನ್ನೊಂದು ಎರಡನೆಯ ಅರ್ಧವನ್ನು ಮಾತ್ರ ಉದ್ಧರಿಸುವುದನ್ನು ನಾವು ಬಲ್ಲೆವು.

ಆದರೆ ಅರಿಜೋನಾದ ಕಾನೂನು ತನ್ನ ಗುರಿಯನ್ನು ತಾನೇ ಮೊದಲನೆಯ ವಿಧಿಯಲ್ಲಿ ಹೇಳಿಕೊಂಡಿತ್ತು: ಜಾರಿಯ ಒತ್ತಡದಿಂದ ವಲಸಿಗರ ಸಂಖ್ಯೆ ಸವೆದುಹೋಗುವಂತೆ ಮಾಡುವುದು. ಒಬ್ಬೊಬ್ಬನನ್ನು ವಿಚಾರಣೆಗೆ ತಂದು ನ್ಯಾಯಾಧೀಶನ ಮುಂದೆ ನಿರ್ಣಯಿಸುವುದು ಒಂದು ರೀತಿ. ದುಡಿಮೆ, ಓಡಾಟ, ಬಾಡಿಗೆ ಮನೆ ಎಲ್ಲವನ್ನೂ ಅಪಾಯದ್ದಾಗಿಸಿ ಜನ ತಾವಾಗಿಯೇ ಹೊರಟುಹೋಗುವಂತೆ ಮಾಡುವುದು ಬೇರೆಯೇ ರೀತಿ. ಎರಡನೆಯದರಲ್ಲಿ ಕೆಲಸ ಮಾಡುವ ಸಾಧನ ಭಯ. ಆ ಭಯ ದಾಖಲೆಯಿಲ್ಲದ ತಂದೆಯ ಬಳಿ ನಿಲ್ಲದೆ ಅಮೆರಿಕದಲ್ಲೇ ಹುಟ್ಟಿದ, ಅಮೆರಿಕದ ಪ್ರಜೆಯಾದ ಮಗುವಿನವರೆಗೂ ಹೋಗುತ್ತದೆ. ನಿರಪರಾಧಿಯ ಭಯವನ್ನು ಉಪಕರಣ ಮಾಡಿಕೊಂಡ ವ್ಯವಸ್ಥೆಯನ್ನು ಸರ್ವಹಿತವೆನ್ನಲಾಗದು. ಈ ಮಾತು ಅರಿಜೋನಾಕ್ಕೆ ಸಲ್ಲುವಂತೆ, ಅದೇ ನೀತಿ ಹಿಡಿದರೆ ಒಕ್ಕೂಟ ಸರ್ಕಾರಕ್ಕೂ ಸಲ್ಲುತ್ತದೆ.

ರೂಪದ ಪರೀಕ್ಷೆ ಇನ್ನೂ ಸ್ಪಷ್ಟ. ಸಕಾರಣ ಸಂಶಯ ಹುಟ್ಟುವುದು ಯಾವುದರಿಂದ? ಕಾಗದಪತ್ರ ಮುಖದ ಮೇಲೆ ಕಾಣುವುದಿಲ್ಲ. ಕಾಣುವುದು ಮೈಬಣ್ಣ, ಕೇಳುವುದು ನುಡಿ. ಜನಾಂಗವನ್ನು ಆಧಾರವಾಗಿ ಪರಿಗಣಿಸಬಾರದೆಂದು ಕಾನೂನು ಹೇಳಿದರೂ ಬೀದಿಯಲ್ಲಿ ನಡೆಯುವುದು ಬೇರೆ. ಅದೇ ರಾಜ್ಯದ ಮಾರಿಕೋಪ ಕೌಂಟಿಯ ಶೆರಿಫ್ ಜೋ ಅರ್ಪಾಯೊ ಅವರ ಇಲಾಖೆ ಲ್ಯಾಟಿನೊ ಜನರನ್ನು ಜನಾಂಗದ ಆಧಾರದ ಮೇಲೆ ತಡೆದು ಅವರ ಹಕ್ಕುಗಳನ್ನು ಉಲ್ಲಂಘಿಸಿತೆಂದು 2013ರ ಮೇ ತಿಂಗಳಲ್ಲಿ ನ್ಯಾಯಾಧೀಶ ಮರ್ರೆ ಸ್ನೋ ತೀರ್ಪಿತ್ತರು. ಇಲ್ಲಿ ಒಂದು ಸಂಗತಿಯನ್ನು ನಮ್ಮ ವಿದ್ಯಾರ್ಥಿಗಳು ಗುರುತು ಹಾಕಿಕೊಳ್ಳಬೇಕು. 1996ರ ಒಂದು ತಿದ್ದುಪಡಿ, 287(ಜಿ) ಎಂದು ಹೆಸರಾದದ್ದು, ಒಪ್ಪಂದದ ಮೂಲಕ ಸ್ಥಳೀಯ ಪೊಲೀಸರಿಗೆ ವಲಸೆ ಕಾನೂನು ಜಾರಿಯ ಅಧಿಕಾರವನ್ನು ವಹಿಸಲು ಒಕ್ಕೂಟ ಸರ್ಕಾರಕ್ಕೆ ಅವಕಾಶ ಕೊಟ್ಟಿತ್ತು. ಅರ್ಪಾಯೊ ಅವರ ಇಲಾಖೆ 2007ರಿಂದ 2009ರವರೆಗೆ ಅಂಥ ಒಪ್ಪಂದದಡಿ ಕೆಲಸ ಮಾಡಿತ್ತು. ಅಧಿಕಾರ ಕೇಂದ್ರದಿಂದಲೇ ಬಂದಿತ್ತು, ಕರ್ತೃವಿನ ಪರೀಕ್ಷೆಯಲ್ಲಿ ಲೋಪವಿರಲಿಲ್ಲ. ಅನ್ಯಾಯವಿದ್ದದ್ದು ರೂಪದಲ್ಲಿ.

ಧರ್ಮಾಧ್ಯಕ್ಷರ ದನಿ

ಧರ್ಮಾಧ್ಯಕ್ಷರು ಈ ಆಳವಾದ ಪರೀಕ್ಷೆಗಳನ್ನು ಮರೆತಿದ್ದರೆಂದು ಹೇಳುವುದು ಅನ್ಯಾಯವಾದೀತು. ಅಮೆರಿಕ ಮತ್ತು ಮೆಕ್ಸಿಕೊದ ಧರ್ಮಾಧ್ಯಕ್ಷರು 2003ರಲ್ಲಿ ಜಂಟಿಯಾಗಿ ಹೊರಡಿಸಿದ ಪಾಲನಾ ಪತ್ರ ಐದು ತತ್ತ್ವಗಳನ್ನು ಮುಂದಿಟ್ಟಿತು: ತಾಯ್ನಾಡಿನಲ್ಲೇ ಬದುಕು ಕಟ್ಟಿಕೊಳ್ಳುವ ಹಕ್ಕು, ತನ್ನನ್ನೂ ಕುಟುಂಬವನ್ನೂ ಸಲಹಲು ವಲಸೆ ಹೋಗುವ ಹಕ್ಕು, ಗಡಿಯನ್ನು ನಿಯಂತ್ರಿಸುವ ರಾಷ್ಟ್ರಗಳ ಹಕ್ಕು, ನಿರಾಶ್ರಿತರಿಗೆ ರಕ್ಷಣೆ, ದಾಖಲೆಯಿಲ್ಲದವರ ಮಾನವ ಘನತೆ. ಪತ್ರ ಸಮತೂಕದ್ದು. ಆದರೆ ಎರಡನೆಯ ಮತ್ತು ಮೂರನೆಯ ತತ್ತ್ವಗಳು ಒಂದೇ ಬೀದಿಯಲ್ಲಿ ಎದುರುಬದುರಾದಾಗ ಸ್ಥಳೀಯ ಪೊಲೀಸನಾಗಿರುವ ಕಥೋಲಿಕ ಏನು ಮಾಡಬೇಕೆಂಬ ಪ್ರಶ್ನೆಗೆ ತತ್ತ್ವಗಳ ಪಟ್ಟಿಯೊಂದೇ ಉತ್ತರವಾಗದು. ಆ ಜಾಗವನ್ನು ತುಂಬಬೇಕಾಗಿದ್ದವರು ನಾವು, ನೈತಿಕ ದೈವಶಾಸ್ತ್ರದ ಬೋಧಕರು.

ಎಲ್ಲಕ್ಕಿಂತ ಮುಂದೆ ಹೋದವರು ಅಲಬಾಮದ ಧರ್ಮಾಧ್ಯಕ್ಷರು. ಅಲ್ಲಿ 2011ರ ಜೂನ್‌ನಲ್ಲಿ ಅಂಗೀಕೃತವಾದ ಕಾನೂನು ದಾಖಲೆಯಿಲ್ಲದವರಿಗೆ ಆಶ್ರಯ ಕೊಡುವುದು, ಅವರನ್ನು ವಾಹನದಲ್ಲಿ ಕರೆದೊಯ್ಯುವುದು, ಅವರಿಗೆ ಮನೆ ಬಾಡಿಗೆಗೆ ಕೊಡುವುದು ಇವೆಲ್ಲವನ್ನೂ ಅಪರಾಧವೆಂದಿತು. ಶಾಲೆಗೆ ಸೇರುವ ಮಕ್ಕಳ ವಲಸೆ ಸ್ಥಿತಿಯನ್ನು ವಿಚಾರಿಸಲು ಹೇಳಿತು. ಆಗಸ್ಟ್ 1ರಂದು ಮೊಬಿಲ್‌ನ ಮಹಾಧರ್ಮಾಧ್ಯಕ್ಷ ಥಾಮಸ್ ರೋಡಿ, ಬರ್ಮಿಂಗ್‌ಹ್ಯಾಮ್‌ನ ಧರ್ಮಾಧ್ಯಕ್ಷ ರಾಬರ್ಟ್ ಬೇಕರ್, ಎಪಿಸ್ಕೋಪಲ್ ಮತ್ತು ಮೆಥೊಡಿಸ್ಟ್ ಸಭೆಗಳ ಧರ್ಮಾಧ್ಯಕ್ಷರೊಡನೆ ಸೇರಿ ನ್ಯಾಯಾಲಯಕ್ಕೆ ಹೋದರು. ಸಂಸ್ಕಾರಗಳನ್ನು ನೀಡುವುದೂ ಹಸಿದವನಿಗೆ ಉಣಬಡಿಸುವುದೂ ಈ ಕಾನೂನಿನಡಿ ಅಪರಾಧವಾಗಬಹುದೆಂಬುದು ಅವರ ದೂರು.

ಈ ನಿಲುವಿನ ಮಹತ್ವವನ್ನು ಸಂತ ಥಾಮಸರ ಅದೇ ಲೇಖ ವಿವರಿಸುತ್ತದೆ. ಮಾನವ ಹಿತಕ್ಕೆ ವಿರುದ್ಧವಾದ ಕಾನೂನು ಮನಸ್ಸಾಕ್ಷಿಯನ್ನು ಕಟ್ಟುವುದಿಲ್ಲ; ಆದರೂ ಗೊಂದಲ, ಅಪಕೀರ್ತಿಗಳನ್ನು ತಪ್ಪಿಸಲು ಕೆಲವೊಮ್ಮೆ ಅದನ್ನು ಸಹಿಸಿಕೊಳ್ಳಬೇಕಾದೀತು. ದೈವಹಿತಕ್ಕೆ ವಿರುದ್ಧವಾದ ಕಾನೂನನ್ನಾದರೋ ಎಂದಿಗೂ ಪಾಲಿಸಬಾರದು. ರಸ್ತೆಯಲ್ಲಿ ಕಾಗದ ಕೇಳುವ ವಿಧಿ ಮೊದಲ ಬಗೆಯದಾಗಿದ್ದರೆ, ಸಂಸ್ಕಾರವನ್ನೂ ಕರುಣೆಯ ಕಾರ್ಯವನ್ನೂ ತಡೆಯುವ ವಿಧಿ ಎರಡನೆಯದಕ್ಕೆ ಸೇರುತ್ತದೆ. ಅಲಬಾಮದ ಧರ್ಮಾಧ್ಯಕ್ಷರು ಆಡದೆಯೇ ಮಾಡಿದ ವರ್ಗೀಕರಣ ಇದು. ಆದರೆ ಆ ವಿಧಿಗೆ ಸೆಪ್ಟೆಂಬರ್ 28ರಂದು ತಡೆಯಾಜ್ಞೆ ಸಿಕ್ಕಿದ್ದು ಒಕ್ಕೂಟ ಸರ್ಕಾರ ಹೂಡಿದ್ದ ದಾವೆಯಲ್ಲಿ, ಕೇಂದ್ರದ ಕಾನೂನಿನ ಪ್ರಾಬಲ್ಯದ ಆಧಾರದ ಮೇಲೆ. ಅಲ್ಲಿಯೂ ಗೆದ್ದದ್ದು ಕರ್ತೃವಿನ ವಾದ. ಧರ್ಮಾಧ್ಯಕ್ಷರ ವಾದ ನಿರ್ಣಯವಾಗದೆ ಉಳಿಯಿತು. ಶಾಲೆಯ ವಿಧಿ ಮಾತ್ರ, ಕೆಲಕಾಲ ಜಾರಿಯಾಗಿ ಮಕ್ಕಳನ್ನು ತರಗತಿಯಿಂದ ದೂರವಿಟ್ಟ ಮೇಲೆ, 2012ರಲ್ಲಿ ಸಮಾನತೆಯ ಆಧಾರದ ಮೇಲೆ ಬಿದ್ದುಹೋಯಿತು. ಶಾಲೆಯ ಬಾಗಿಲು ಈ ಮಕ್ಕಳಿಗೆ ತೆರೆದಿರಬೇಕೆಂದು 1982ರಲ್ಲೇ ಸುಪ್ರೀಂ ಕೋರ್ಟು ಹೇಳಿತ್ತು. ನಾಲ್ಕಾರು ವಿಧಿಗಳ ನಡುವೆ ಮಗುವಿನ ಮುಖ ನೋಡಿ ಕೊಟ್ಟ ನಿರ್ಣಯ ಇದೊಂದೇ ಎನ್ನಬಹುದು.

ಆಶ್ರಯ ಕುಸಿದಾಗ

ನಿರ್ಣಯವಾಗದೆ ಉಳಿದದ್ದು ಮತ್ತೆ ಬಂದೇ ಬಂತು. 2023ರ ಡಿಸೆಂಬರಿನಲ್ಲಿ ಟೆಕ್ಸಾಸ್ ಅಕ್ರಮ ಪ್ರವೇಶವನ್ನು ರಾಜ್ಯದ ಅಪರಾಧವಾಗಿಸಿ, ರಾಜ್ಯದ ನ್ಯಾಯಾಧೀಶರೇ ಮೆಕ್ಸಿಕೊಗೆ ಮರಳಲು ಆಜ್ಞಾಪಿಸಬಹುದೆಂದು ಕಾನೂನು ಮಾಡಿತು. 2024ರ ಫೆಬ್ರವರಿಯಲ್ಲಿ ಅದಕ್ಕೆ ತಡೆ ಬಿದ್ದದ್ದೂ ಅರಿಜೋನಾ ತೀರ್ಪಿನ ಆಧಾರದ ಮೇಲೆಯೇ. ಅದೇ ತಿಂಗಳು ರಾಜ್ಯದ ಅಟಾರ್ನಿ ಜನರಲ್, ಎಲ್ ಪಾಸೊ ನಗರದಲ್ಲಿ ದಶಕಗಳಿಂದ ವಲಸಿಗರಿಗೆ ಊಟ, ಹಾಸಿಗೆ ಕೊಡುತ್ತ ಬಂದ ಅನನ್ಸಿಯೇಷನ್ ಹೌಸ್ ಎಂಬ ಕಥೋಲಿಕ ಆಶ್ರಯಧಾಮದ ದಾಖಲೆಗಳನ್ನು ಕೇಳಿ, ಅದನ್ನು ಮುಚ್ಚಿಸಲು ಹೊರಟರು. ಜಿಲ್ಲಾ ನ್ಯಾಯಾಧೀಶರು ಧಾಮದ ಪರ ತೀರ್ಪಿತ್ತರು. 2025ರ ಮೇ ತಿಂಗಳಲ್ಲಿ ಟೆಕ್ಸಾಸಿನ ಸುಪ್ರೀಂ ಕೋರ್ಟು ಅದನ್ನು ತಿರುವುಮುರುವು ಮಾಡಿ, ಅಟಾರ್ನಿ ಜನರಲ್ ತಮ್ಮ ಮೊಕದ್ದಮೆ ಮುಂದುವರಿಸಬಹುದೆಂದಿತು.

ಇಷ್ಟರಲ್ಲಿ ಒಕ್ಕೂಟ ಸರ್ಕಾರವೂ ಬದಲಾಗಿತ್ತು. 2025ರ ಜನವರಿ 20ರ ಆಜ್ಞೆ 287(ಜಿ) ಒಪ್ಪಂದಗಳನ್ನು ಸಾಧ್ಯವಾದಷ್ಟು ವಿಸ್ತರಿಸಲು ಹೇಳಿತು. ದೇವಾಲಯ, ಶಾಲೆ, ಆಸ್ಪತ್ರೆಗಳಲ್ಲಿ ಬಂಧನ ಮಾಡದಂತೆ ಇದ್ದ ಮಾರ್ಗಸೂಚಿಯೂ ಅದೇ ದಿನ ರದ್ದಾಯಿತು. ಕೇಂದ್ರ ಮತ್ತು ರಾಜ್ಯಗಳು ಕೈಜೋಡಿಸಿದ ಮೇಲೆ ರಾಜ್ಯಕ್ಕೆ ಅಧಿಕಾರವಿಲ್ಲವೆಂಬ ನಮ್ಮ ವಾದ ಯಾರನ್ನು ತಡೆದೀತು? ಕರ್ತೃ ಒಪ್ಪಿಗೆ ಕೊಟ್ಟ ದಿನ ಆ ಗೋಡೆ ಬಿತ್ತು. ಗುರಿ ಮತ್ತು ರೂಪದ ವಾದವನ್ನು ಹದಿಮೂರು ವರ್ಷ ಬೋಧಿಸಿ, ಜನರ ಮನಸ್ಸಾಕ್ಷಿಯಲ್ಲಿ ಬೇರೂರಿಸಿದ್ದರೆ ಇಂದು ಕೈಯಲ್ಲಿ ಏನಾದರೂ ಇರುತ್ತಿತ್ತು.

ನಮ್ಮ ಬಾಗಿಲಿಗೆ ಬಂದಾಗ

ನಮ್ಮ ದೇಶಕ್ಕೆ ಆ ಅನುಕೂಲದ ವಾದವೂ ಇಲ್ಲ. ವಿದೇಶಿಯರನ್ನು ಪತ್ತೆಹಚ್ಚಿ ಹೊರಕಳುಹಿಸುವ ಅಧಿಕಾರ ಇಲ್ಲಿ ಕೇಂದ್ರದ್ದು. ಅದನ್ನು ಕೇಂದ್ರವೇ ರಾಜ್ಯಗಳಿಗೂ ವಹಿಸಿಕೊಟ್ಟಿದೆ. ಕರ್ತೃವಿನ ಬಗ್ಗೆ ವಿವಾದಕ್ಕೆ ಎಡೆ ಕಡಿಮೆ. ಉಳಿಯುವುದು ಗುರಿ ಮತ್ತು ರೂಪ ಮಾತ್ರ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ, ಅಲ್ಲಿರುವವರು ಬಾಂಗ್ಲಾದೇಶೀಯರೆಂಬ ಶಂಕೆಯ ಮೇಲೆ ಕೂಲಿಕಾರರ ಗುಡಿಸಲುಗಳನ್ನು ಕೆಡವಲಾಯಿತು. ಅಲ್ಲಿದ್ದವರಲ್ಲಿ ಈಶಾನ್ಯ ಭಾರತದವರೂ ನಮ್ಮದೇ ಉತ್ತರ ಕರ್ನಾಟಕದವರೂ ಇದ್ದರು. ಹೈಕೋರ್ಟು ಮಧ್ಯೆ ಪ್ರವೇಶಿಸಬೇಕಾಯಿತು. ಶಂಕೆ ಹುಟ್ಟಿದ್ದು ಯಾವುದರಿಂದ, ಅದರ ಭಾರ ಬಿದ್ದದ್ದು ಯಾರ ಮೇಲೆ ಎಂದು ಅಂದು ಕೇಳಿದ ಧರ್ಮೋಪದೇಶಗಳು ಎಷ್ಟೋ ನಾವರಿಯೆವು. ನಾವಂತೂ ಆ ಭಾನುವಾರ ಕೇಳಲಿಲ್ಲ.

ಆದ್ದರಿಂದ ನಮ್ಮ ಸಲಹೆ ಸರಳವಾದುದು. ವಲಸೆಯ ಕಾನೂನೊಂದು ಮುಂದೆ ಬಂದಾಗ ಯಾರಿಗೆ ಅಧಿಕಾರವಿದೆಯೆಂದು ವಕೀಲರು ಕೇಳಲಿ. ಅದು ಅವರ ಕರ್ತವ್ಯ, ಅದರಿಂದ ಬಡವನಿಗೆ ತಾತ್ಕಾಲಿಕ ರಕ್ಷಣೆ ಸಿಕ್ಕರೆ ದೇವರಿಗೆ ಸ್ತೋತ್ರ. ಗುರುವಾದವನು ಮೊದಲು ಕೇಳಬೇಕಾದ್ದು ಬೇರೆ: ಈ ಕಾನೂನು ಯಾರ ಭಯವನ್ನು ಉಪಕರಣ ಮಾಡಿಕೊಂಡಿದೆ? ಇದರ ಭಾರ ಯಾರ ಮೈಬಣ್ಣದ, ಯಾರ ನುಡಿಯ ಮೇಲೆ ಬೀಳುತ್ತದೆ? ಇದು ನನ್ನನ್ನು ಸಂಸ್ಕಾರದಿಂದಲೂ ಕರುಣೆಯ ಕಾರ್ಯದಿಂದಲೂ ತಡೆಯುತ್ತದೆಯೇ? ಕೊನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ ಪಾಲಿಸುವ ಮಾತಿಲ್ಲ. ಅದರ ಫಲವನ್ನು ಅನುಭವಿಸಲು ಸಿದ್ಧನಾಗಿರಬೇಕು, ಟೂಸಾನಿನ ಆ ಎಂಟು ಮಂದಿಯಂತೆ. ಹೌದಲ್ಲದಿದ್ದರೆ ವಿವೇಕದಿಂದ ತೂಗಬೇಕು, ಗಡಿಯ ಊರಿನ ನೆರೆಯವನ ಅಳಲನ್ನೂ ಆಲಿಸಬೇಕು.

ಮುಂಬರುವ ವರ್ಷ ನಾವು ಅರಿಜೋನಾದ ತೀರ್ಪನ್ನು ಮತ್ತೆ ಬೋಧಿಸುತ್ತೇವೆ. ಈ ಬಾರಿ ಅದರ ಪಕ್ಕದಲ್ಲಿ 1986ರ ಟೂಸಾನಿನ ತೀರ್ಪನ್ನೂ ಇಡುತ್ತೇವೆ.